ಮನೆ ಹಿಂದಿನ ಧರೆಯ ಮಣ್ಣು ಪರೀಕ್ಷೆ ಮಾಡಿಸಿದೆವು: ಒಂದು ಮಳೆಗಾಲ ನೋಡಿ ಬರೆಯುತ್ತಿದ್ದೇನೆ

ನಮ್ಮ ಮನೆ ಹಿಂದಿನ ಧರೆಯ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯ) ಮಣ್ಣನ್ನು ಹುಬ್ಬಳ್ಳಿಯ ಒಂದು ತಂಡದಿಂದ ಪರೀಕ್ಷೆ ಮಾಡಿಸಿದ್ದು 2025ರ ಜನವರಿಯಲ್ಲಿ. ಖರ್ಚು 72 ಸಾವಿರ ರೂಪಾಯಿ. ವರದಿ ಕೈಗೆ ಬಂದ ದಿನವೇ ಇದನ್ನು ಬರೆಯಬಹುದಿತ್ತು. ಆದರೆ ಧರೆಯ ವಿಷಯದಲ್ಲಿ ಬೇಸಿಗೆಯಲ್ಲಿ ಹೇಳುವ ಮಾತಿಗೆ ಬೆಲೆ ಇಲ್ಲ. ಒಂದು ಮಳೆಗಾಲ ಕಳೆಯಲಿ ಅಂತ ಕಾದೆ.

ತಂಡದ ಹೆಸರು ಹಾಕುತ್ತಿಲ್ಲ. ಈ ಕೆಲಸ ಮಾಡುವವರು ಹುಬ್ಬಳ್ಳಿ, ಮಂಗಳೂರು ಕಡೆ ಬೇರೆಯವರೂ ಇದ್ದಾರೆ. ಯಾರನ್ನೇ ಕರೆಸಿದರೂ ಅವರ ಹತ್ತಿರ ಏನು ಕೇಳಬೇಕು, ಕೊಟ್ಟ ದುಡ್ಡಿಗೆ ಏನು ಸಿಗಬೇಕು ಅನ್ನೋದು ನಮ್ಮ ಕರಾವಳಿ ಮತ್ತು ಘಟ್ಟದ ಜನಕ್ಕೆ ಗೊತ್ತಾಗಬೇಕು. ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮದು ಕುಮಟಾ ತಾಲೂಕು. ಮನೆ ಗುಡ್ಡದ ಬುಡದಲ್ಲಿ, ತೋಟ ಕೆಳಗೆ. ನಾನು 31 ವರ್ಷ ಶಾಲೆಯಲ್ಲಿ ಅಕ್ಕೋರಾಗಿ ಕೆಲಸ ಮಾಡಿ ನಿವೃತ್ತಳಾದವಳು. 2021ರ ಬೇಸಿಗೆಯಲ್ಲಿ ಅಡಿಕೆ ಒಣಗಿಸಲು ಅಂಗಳ ಸಾಲುವುದಿಲ್ಲ ಅಂತ ಜೆಸಿಬಿ ತರಿಸಿ ಹಿಂದಿನ ಗುಡ್ಡ ಕಡಿಸಿದೆವು. ಎರಡೇ ದಿನದ ಕೆಲಸ. ಆರು ಮೀಟರ್ ಎತ್ತರದ ಧರೆ, ಗೋಡೆಯ ಹಾಗೆ ನೆಟ್ಟಗೆ ನಿಂತಿತು. ಮೇಲಿನ ಎರಡು ಮೀಟರ್ ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ. ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ ಮಣ್ಣು. ಬೇಸಿಗೆಯಲ್ಲಿ ಆ ಶೇಡಿಗೆ ಪಿಕಾಸಿ ಹೊಡೆದರೆ ಕೈ ನೋಯುತ್ತಿತ್ತು. ಇಷ್ಟು ಗಟ್ಟಿ ಮಣ್ಣು ಎಲ್ಲಿ ಬೀಳುತ್ತದೆ ಅಂತ ಎಲ್ಲರೂ ಹೇಳಿದರು. ನಾವೂ ನಂಬಿದೆವು.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಹೋಯಿತು. ಅಂಕೋಲೆಗೆ ಹೋಗುವಾಗ ಎಷ್ಟು ಸಲ ದಾಟಿದ ಜಾಗ ಅದು. ಮಣ್ಣಿನ ಜೊತೆ ನದಿಗೆ ಹೋದ ಲಾರಿ ಹುಡುಕುವ ಕೆಲಸ ಸೆಪ್ಟೆಂಬರ್‌ವರೆಗೂ ನಡೆಯಿತು. ಅದಕ್ಕೂ ಮೊದಲು 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆ ಮೇಲೆ ಗುಡ್ಡ ಬಿದ್ದು ಒಂದೇ ಮನೆಯ ನಾಲ್ವರು ಹೋದರು. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಕ್ಕೆ ತೋಟವೇ ಜರಿಯಿತು. 2009ರ ಅಕ್ಟೋಬರ್ 2ರಂದು ಕಾರವಾರದ ಹತ್ತಿರ ಕಡವಾಡದಲ್ಲಿ 19 ಜನ ಮಣ್ಣಿನಡಿ ಸಿಕ್ಕಿ ಸತ್ತಿದ್ದನ್ನು ಮರೆಯೋದು ಹೇಗೆ? ಆಗೆಲ್ಲ ಪೇಪರ್ ಓದಿ ಅಯ್ಯೋ ಅಂದು ಮಡಚಿಟ್ಟಿದ್ದೆ. ಶಿರೂರಿನ ಸುದ್ದಿ ಬಂದ ಸಂಜೆ ಮಾತ್ರ ಕೊಡೆ ಹಿಡಿದು ನಮ್ಮ ಧರೆಯ ಮೇಲೆ ಹತ್ತಿ ನೋಡಿದೆ.

ಅಂಚಿನಿಂದ ಎರಡು ಮಾರು ಹಿಂದೆ, ಹುಲ್ಲಿನ ನಡುವೆ ಉದ್ದಕ್ಕೆ ಬಿರುಕು. ಕೈಬೆರಳು ಹೋಗುವಷ್ಟು ಅಗಲ. ಅದರೊಳಗೆ ಮಳೆನೀರು ಇಳಿಯುವ ಸದ್ದು ಕೇಳುತ್ತಿತ್ತು. ಆ ರಾತ್ರಿಯಿಂದ ದೀಪಾವಳಿವರೆಗೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗಲಿಲ್ಲ. ಅತ್ತೆಯ ಮಂಚವನ್ನು ಜಗಲಿಗೆ ತಂದೆವು.

ಮಳೆ ನಿಂತ ಮೇಲೆ ಮೊದಲು ಬಂದವರು ಒಬ್ಬ ಗುತ್ತಿಗೆದಾರರು. ಧರೆಗೆ ಒತ್ತಾಗಿ ಚಿರೆಕಲ್ಲಿನ ಪಾಗಾರ ಕಟ್ಟಿದರೆ ಆಯಿತು, ಒಂಬತ್ತು ಲಕ್ಷ ಅಂದರು. ನೀರು ಹೊರಗೆ ಬರಲು ಪೈಪ್ ಇಡುತ್ತೀರಾ ಅಂತ ಯಜಮಾನರು ಕೇಳಿದ್ದಕ್ಕೆ, ಬೇಕಾದರೆ ಇಡೋಣ ಅಂದರು. 'ಬೇಕಾದರೆ' ಅನ್ನೋ ಮಾತು ನನಗೆ ಸರಿ ಬರಲಿಲ್ಲ. ಮೈದುನನಿಗೆ ಫೋನ್ ಮಾಡಿದೆ. ಅವನು, "ಅತ್ತಿಗೆ, ಗೋಡೆ ಆಮೇಲೆ ಕಟ್ಟಿಸಿ. ಒಳಗೆ ಯಾವ ಮಣ್ಣಿದೆ, ಎಷ್ಟು ನೀರಿದೆ ಅಂತ ಮೊದಲು ನೋಡಿಸಿ" ಅಂದ. ಹುಬ್ಬಳ್ಳಿ ತಂಡದ ನಂಬರ್ ಕೊಟ್ಟವನೂ ಅವನೇ.

ತಂಡದಲ್ಲಿ ಐದು ಜನ. ನಾಲ್ವರು ಬೋರ್ ಹೊಡೆಯುವವರು, ಒಬ್ಬ ಎಂಜಿನಿಯರ್ ಹುಡುಗ. ಹಾವೇರಿ ಕಡೆಯವನು. ಮೊದಲ ದಿನ ಮೇಡಂ ಅನ್ನುತ್ತಿದ್ದವನು ಊರವರನ್ನು ನೋಡಿ ಮಾರನೇ ದಿನದಿಂದ ಅಕ್ಕೋರೆ ಅನ್ನಲು ಶುರುಮಾಡಿದ. ಗುಡ್ಡದ ಮೇಲೆ ವಾಹನ ಹೋಗುವುದಿಲ್ಲ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್, ಯಂತ್ರ, ಪೈಪು ಎಲ್ಲವನ್ನೂ ಬಿಡಿಬಿಡಿ ಮಾಡಿ ಹೊತ್ತರು. ಎರಡು ಕಡೆ ಹತ್ತತ್ತು ಮೀಟರ್ ಆಳ ಕೊರೆದರು. ನಾಲ್ಕು ದಿನ ಹಿಡಿಯಿತು. ಕೊರೆಯಲು ನೀರು ನಮ್ಮ ಬಾವಿಯದ್ದೇ. ಇದನ್ನು ಮೊದಲೇ ಹೇಳಿರಲಿಲ್ಲ. ಜನವರಿಯಾದ್ದರಿಂದ ನಡೆಯಿತು. ಏಪ್ರಿಲ್‌ನಲ್ಲಿ ಬಂದಿದ್ದರೆ ನೀರು ಕೊಡಲು ಆಗುತ್ತಿರಲಿಲ್ಲ.

ಕೆಲಸ ನೋಡುತ್ತ ಕೂತೆ. ಕೆಳಗೆ ಒಂದು ಕೊಳವೆ ಇಟ್ಟು, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕು ಅಂತ ಎಣಿಸುತ್ತಾರೆ. ಮೊದಲ 15 ಸೆಂಟಿಮೀಟರಿನ ಏಟು ಲೆಕ್ಕಕ್ಕಿಲ್ಲ. ತೂಕ, ಎತ್ತರ ಎಲ್ಲಾ ಕಡೆ ಒಂದೇ ಇರುವುದರಿಂದ ಒಂದು ಊರಿನ ಮಣ್ಣನ್ನು ಇನ್ನೊಂದು ಊರಿನದಕ್ಕೆ ಹೋಲಿಸಬಹುದು. ಚಿರೆಕಲ್ಲಿನಲ್ಲಿ 50 ಏಟು ಹೊಡೆದರೂ ಕೊಳವೆ ಇಳಿಯಲಿಲ್ಲ. ಮೂರು ಮೀಟರಿಗೆ ಬಂದಾಗ 12 ಏಟು. ನಾಲ್ಕೂವರೆಯಲ್ಲಿ 9. ಆಮೇಲೆ ಒಂಬತ್ತು ಮೀಟರಿಗೆ ಬಂದ ಮೇಲೆ ಮತ್ತೆ ಗಟ್ಟಿ. ನಾನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೇಲೆ ಕಲ್ಲು, ಕೆಳಗೆ ಕಲ್ಲು, ನಡುವೆ ಮೆತ್ತನೆ ಪದರ. ಜೆಸಿಬಿ ಕಡಿದದ್ದು ಸರಿಯಾಗಿ ಆ ಮೆತ್ತನೆ ಪದರವನ್ನೇ.

ಎರಡನೇ ದಿನ ಊಟದ ಹೊತ್ತಿಗೆ ಆ ಹುಡುಗ ಒಂದು ಲೋಟ ನೀರು ಕೇಳಿದ. ಕುಡಿಯಲು ಅಂದುಕೊಂಡೆ. ಧರೆಯಿಂದ ಒಣಗಿದ ಶೇಡಿ ಹೆಂಟೆ ತಂದು ಲೋಟದೊಳಗೆ ಬಿಟ್ಟ. ಅಂಚುಗಳು ಉದುರಿದವು, ಗುಳ್ಳೆ ಬಂತು. ಐದು ನಿಮಿಷದಲ್ಲಿ ಹೆಂಟೆ ಹೋಗಿ ತಳದಲ್ಲಿ ಬಿಳಿ ಕೆಸರು ಉಳಿಯಿತು. ಅತ್ತೆ ಜಗಲಿಯಿಂದ ನೋಡುತ್ತಿದ್ದವರು, "ಶೇಡಿ ಕರಗದೇ ಮತ್ತೆಂತ ಆಗ್ತದೆ ತಮಾ? ಅದ್ಕೇ ಅಲ್ದಾ ಅದನ್ನ ಗೆರಟೆಲಿ ಕಲಸಿ ಗೋಡೆ ಮೇಲೆ ಬರೆಯೋದು" ಅಂದರು. ಕೆಮ್ಮಣ್ಣಿನ ಗೋಡೆಯ ಮೇಲೆ ಶೇಡಿಯಿಂದ ಚಿತ್ತಾರ ಬರೆದವರು ಅವರು. ಅವರ ಕೈಗೆ ಗೊತ್ತಿದ್ದದ್ದನ್ನು ಜೆಸಿಬಿ ತರಿಸುವ ಮೊದಲು ನಾನು ಕೇಳಲೇ ಇಲ್ಲ. ಇದು ನನಗೆ ಈಗಲೂ ನೋವಿನ ವಿಷಯ.

ನಿಜವಾದ ಪರೀಕ್ಷೆ ನಡೆಯೋದು ಪ್ರಯೋಗಾಲಯದಲ್ಲಿ. ಮಣ್ಣು ಅಲುಗಾಡದ ಹಾಗೆ ಕೊಳವೆಯಲ್ಲೇ ತುಂಬಿ, ಎರಡೂ ತುದಿಗೆ ಮೇಣ ಹಚ್ಚಿ ಒಯ್ಯುತ್ತಾರೆ. ಅದರಿಂದ ಆರು ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ ಒಂದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೆಟ್ಟಿಗೆ ಮೇಲೊಂದು ಕೆಳಗೊಂದು ಅರ್ಧ ಇರುತ್ತದೆ. ಮೇಲೆ ಭಾರ ಹೇರಿ ಒಂದು ಅರ್ಧವನ್ನು ಅಡ್ಡಕ್ಕೆ ತಳ್ಳುತ್ತಾರೆ. ಮಣ್ಣು ಎಷ್ಟು ಒತ್ತಡಕ್ಕೆ ನಡುವೆ ತುಂಡಾಗುತ್ತದೆ ಅಂತ ನೋಡುತ್ತಾರೆ. ಬೇರೆ ಬೇರೆ ಭಾರದಲ್ಲಿ ಮೂರು ಸಲ ಮಾಡಿದರೆ ಎರಡು ಅಂಕಿ ಸಿಗುತ್ತವೆ. ಒಂದು ಮಣ್ಣಿನ ಅಂಟು. ಇನ್ನೊಂದು ಕಣ ಕಣಗಳ ತಿಕ್ಕಾಟ, ಅದನ್ನು ಕೋನದಲ್ಲಿ ಹೇಳುತ್ತಾರೆ. ಒಣ ಮರಳಿಗೆ ಅಂಟಿಲ್ಲ, ತಿಕ್ಕಾಟ ಮಾತ್ರ. ಅದಕ್ಕೇ ಮರಳು ರಾಶಿ ಹಾಕಿದರೆ ಒಂದು ಇಳಿಜಾರಿನಲ್ಲಿ ನಿಲ್ಲುತ್ತದೆ, ಗೋಡೆಯ ಹಾಗೆ ನಿಲ್ಲುವುದಿಲ್ಲ. ಈ ಎರಡು ಅಂಕಿಯ ಲೆಕ್ಕ ಕೊಟ್ಟವನು ಫ್ರಾನ್ಸಿನ ಸೈನ್ಯದ ಎಂಜಿನಿಯರ್ ಕೂಲಂಬ್. ಅದು ಅಚ್ಚಾದದ್ದು 1776ರಲ್ಲಿ. ವಿದ್ಯುತ್ತಿನ ಪಾಠದಲ್ಲಿ ಬರುವ ಕೂಲಂಬ್ ಇವನೇ ಅಂತ ಗೊತ್ತಾದಾಗ ನನಗೆ ತುಂಬ ಖುಷಿಯಾಯಿತು. ಮಕ್ಕಳಿಗೆ ಹೇಳಬಹುದಿತ್ತು ಅನ್ನಿಸಿತು.

ಇನ್ನು ಈ ಬರಹದ ಮುಖ್ಯ ಮಾತು. ತಂಡ ಮೊದಲು ಕಳಿಸಿದ ದರಪಟ್ಟಿಯಲ್ಲಿ ಪರೀಕ್ಷೆ ಇದ್ದದ್ದು ಮಣ್ಣು ಸಿಕ್ಕ ಸ್ಥಿತಿಯಲ್ಲಿ ಮಾತ್ರ. ಅಂದರೆ ಜನವರಿಯ ಒಣ ಮಣ್ಣಿಗೆ. ಲೋಟದ ಶೇಡಿ ನೋಡಿದ ಮೇಲೆ ನಾನು ಕೇಳಿದೆ: "ಮಳೆಗಾಲದಲ್ಲಿ ಬೀಳೋ ಮಣ್ಣನ್ನ ಬೇಸಿಗೆಯಲ್ಲಿ ಇದ್ದ ಹಾಗೇ ಪರೀಕ್ಷೆ ಮಾಡಿದರೆ ಏನು ಸಿಗುತ್ತೆ ತಮಾ?" ಅವನು ಒಪ್ಪಿಕೊಂಡ. ನೆನೆಸಿ ಮಾಡುವ ಪರೀಕ್ಷೆಗೆ ನಾಲ್ಕು ಸಾವಿರ ಜಾಸ್ತಿ ಆಗುತ್ತದೆ ಅಂದ. ಕೊಟ್ಟೆವು. ಮೇಲೆ ಹೇಳಿದ 72 ಸಾವಿರದಲ್ಲಿ ಅದೂ ಸೇರಿದೆ.

ಒಣಗಿದ್ದಾಗ ನಮ್ಮ ಶೇಡಿಯ ಅಂಟು ಚದರ ಮೀಟರಿಗೆ 38 ಕಿಲೋನ್ಯೂಟನ್, ಕೋನ 31 ಡಿಗ್ರಿ. ನೆನೆಸಿದಾಗ ಅಂಟು 11, ಕೋನ 26. ಕೋನ ಹೆಚ್ಚೇನೂ ಇಳಿಯಲಿಲ್ಲ. ಅಂಟು ಮಾತ್ರ ಮೊದಲಿನ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಬರೀ ಅಂಕಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಅದಕ್ಕೆ ಆ ಹುಡುಗ ಅಡಿಗೆಮನೆ ಮೇಜಿನ ಮೇಲೆ ಲೆಕ್ಕ ಬಿಡಿಸಿ ತೋರಿಸಿದ. ಈ ಮಣ್ಣನ್ನು ನೆಟ್ಟಗೆ ಕಡಿದರೆ ಎಷ್ಟು ಎತ್ತರ ನಿಲ್ಲುತ್ತದೆ? ಒಣಗಿದ್ದರೆ 15 ಮೀಟರ್. ನೆನೆದಿದ್ದರೆ ಮೂರೂವರೆ ಮೀಟರ್. ಮೇಲೆ ಬಿರುಕು ಬಿದ್ದಿದ್ದರೆ ಆ ಮೂರೂವರೆಯಲ್ಲೂ ಮೂರನೇ ಒಂದು ಭಾಗ ಕಳೆಯಬೇಕು. ನಮ್ಮ ಧರೆ ಆರು ಮೀಟರ್.

ಹಾಗಾದರೆ ನಾಲ್ಕು ಮಳೆಗಾಲ ಹೇಗೆ ನಿಂತಿತ್ತು ಅಂತ ಯಜಮಾನರು ಕೇಳಿದರು. ನೀರು ಒಳಗಿನವರೆಗೂ ಪೂರ್ತಿ ಇಳಿದಿರಲಿಲ್ಲ, ಅಷ್ಟೇ. ಬಿರುಕು ಬಿದ್ದ ಮೇಲೆ ನೀರಿಗೆ ದಾರಿ ಸಿಕ್ಕಿದೆ ಅಂದ. ಕೇಳಿ ನನ್ನ ಕೈ ತಣ್ಣಗಾಯಿತು.

ನೀರು ಮಣ್ಣಿನ ಅಂಟನ್ನು ಕರಗಿಸುತ್ತದೆ, ಅದು ಒಂದು. ಇನ್ನೊಂದು ಇನ್ನೂ ಮುಖ್ಯ. ಕಣಗಳ ನಡುವೆ ನಿಂತ ನೀರಿಗೂ ಒತ್ತಡ ಇರುತ್ತದೆ. ಅಡಿಕೆ ಚೀಲದ ಮೇಲೆ ಚೀಲ ಇಟ್ಟಾಗ ಕೆಳಗಿನದನ್ನು ಎಳೆಯಲು ಆಗುವುದಿಲ್ಲ ಅಲ್ವಾ? ಮೇಲಿನ ಚೀಲವನ್ನು ಇನ್ನೊಬ್ಬರು ಚೂರು ಎತ್ತಿ ಹಿಡಿದರೆ ಕೆಳಗಿನದು ಸಲೀಸಾಗಿ ಜಾರುತ್ತದೆ. ಮಣ್ಣಿನೊಳಗೆ ನೀರು ಮಾಡುವುದು ಆ ಎತ್ತಿ ಹಿಡಿಯುವ ಕೆಲಸ. ಭಾರ ಅಷ್ಟೇ ಇರುತ್ತದೆ, ಹಿಡಿತ ಹೋಗುತ್ತದೆ. ಟೆರ್ಜಾಘಿ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಪಾಗಾರಕ್ಕೂ ಇದೇ ಕಥೆ. ಗೋಡೆಯ ಹಿಂದೆ ಮೂರು ಮೀಟರ್ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ನಾಲ್ಕೂವರೆ ಟನ್ ಬರೀ ನೀರೇ ತಳ್ಳುತ್ತದೆ. ಮಣ್ಣಿನ ಒತ್ತಡ ಬೇರೆ. ಪೈಪನ್ನು 'ಬೇಕಾದರೆ' ಇಡುವ ಗೋಡೆಗೆ ಒಂಬತ್ತು ಲಕ್ಷ ಕೊಡಲು ಹೊರಟಿದ್ದೆವು.

ವರದಿಯ ಸಲಹೆಗಳಲ್ಲಿ ನಮ್ಮ ಮನೆಯಲ್ಲಿ ಜಗಳ ತಂದದ್ದು ಇಂಗುಗುಂಡಿಯ ವಿಷಯ. ಬಾವಿ ಬತ್ತುತ್ತದೆ ಅಂತ ಯಜಮಾನರು 2018ರಲ್ಲಿ ಧರೆಯ ಮೇಲಿನ ಬೆಟ್ಟದಲ್ಲಿ ಹದಿನಾಲ್ಕು ಇಂಗುಗುಂಡಿ ತೋಡಿಸಿದ್ದರು. ಊರಲ್ಲಿ ಮೊದಲು ಮಾಡಿದವರು ಅವರು. ನಾಲ್ಕಾರು ಮನೆಯವರು ನೋಡಿ ಕಲಿತರು. ಅವುಗಳಲ್ಲಿ ಧರೆಗೆ ಹತ್ತಿರ ಇರುವ ಐದನ್ನು ಮುಚ್ಚಿ ಅಂತ ವರದಿ ಹೇಳಿತು. ಅಲ್ಲಿ ಇಂಗಿದ ನೀರು ಬಾವಿಗೆ ಹೋಗುವ ಮೊದಲು ಶೇಡಿ ಪದರಕ್ಕೆ ಹೋಗುತ್ತದೆ. ಯಜಮಾನರು ಎರಡು ದಿನ ಮಾತಾಡಲಿಲ್ಲ. ಎಂಜಿನಿಯರ್ ಹುಡುಗ ಫೋನಿನಲ್ಲಿ ಮುಕ್ಕಾಲು ಗಂಟೆ ತಾಳ್ಮೆಯಿಂದ ವಿವರಿಸಿದ. ಗುಂಡಿ ತಪ್ಪಲ್ಲ, ಅದು ಇರುವ ಜಾಗ ತಪ್ಪು. ಗುಂಡಿ ತೋಡಿದಾಗ ಇಲ್ಲಿ ಧರೆಯೇ ಇರಲಿಲ್ಲ, ಆಗ ಅದು ಸರಿಯಾಗಿಯೇ ಇತ್ತು ಅಂದ. ಆ ಕೊನೆಯ ಮಾತಿಗೆ ಯಜಮಾನರು ಒಪ್ಪಿದರು. ಐದನ್ನು ಮುಚ್ಚಿ ಬೇರೆ ಐದನ್ನು ತೋಟದ ಪಕ್ಕದ ಸಪಾಟು ಜಾಗದಲ್ಲಿ ತೋಡಿಸಿದೆವು. ನೀರಿಂಗಿಸುವ ಕೆಲಸ ನಮ್ಮ ಜಿಲ್ಲೆಯಲ್ಲಿ ಬಹಳ ಜನ ಪ್ರೀತಿಯಿಂದ ಮಾಡುತ್ತಾರೆ. ಮನೆ ಹಿಂದೆ ಧರೆ ಇರುವವರು ಗುಂಡಿ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ.

ಉಳಿದದ್ದು ಬೇಗ ಹೇಳುತ್ತೇನೆ. ಧರೆಯನ್ನು ಎರಡು ಮೆಟ್ಟಿಲು ಮಾಡಿ ಒಟ್ಟು ಇಳಿಜಾರು 45 ಡಿಗ್ರಿಗೆ ತಂದೆವು. ಅಂಗಳ ಬಿಟ್ಟುಕೊಡಲಿಲ್ಲ, ಮೇಲಿನ ಬೆಟ್ಟ ಬಿಟ್ಟುಕೊಟ್ಟೆವು. ಮೇಲೆ ಬಿರುಕನ್ನು ಜೇಡಿಮಣ್ಣಿನಿಂದ ತುಂಬಿ ಗಟ್ಟಿಸಿದೆವು. ಅದರ ಹಿಂದೆ ಸಿಮೆಂಟಿನ ಗಟಾರ. ಧರೆಯೊಳಗೆ ಆರು ಮೀಟರ್ ಉದ್ದದ ತೂತಿನ ಪೈಪ್ ಎಂಟು, ಬಾಯಿ ಸ್ವಲ್ಪ ಕೆಳಗೆ ಬಾಗಿದ ಹಾಗೆ, ಸುತ್ತ ನೀರು ಸೋಸುವ ಬಟ್ಟೆ. ಬುಡದಲ್ಲಿ ಒಂದೂವರೆ ಮೀಟರಿನ ಕಲ್ಲಿನ ಗೋಡೆ ಸಾಕಾಯಿತು. ಮೆಟ್ಟಿಲ ಮೇಲೆ ಲಾವಂಚ ಹಾಕಿದೆವು. ಅದು ಮೇಲ್ಮಣ್ಣು ಕೊಚ್ಚಿ ಹೋಗದ ಹಾಗೆ ಹಿಡಿಯುತ್ತದೆ, ಆಳದ ಜಾರಿಕೆ ತಡೆಯುತ್ತದೆ ಅಂತ ನಂಬಬೇಡಿ ಅಂತಲೂ ವರದಿಯಲ್ಲಿ ಬರೆದಿದ್ದರು. ಪರೀಕ್ಷೆ ಬಿಟ್ಟು ಕೆಲಸಕ್ಕೆ ಆದ ಒಟ್ಟು ಖರ್ಚು ಮೂರೂಕಾಲು ಲಕ್ಷ.

ಹಿಡಿದು ನಿಲ್ಲಿಸುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿ ಒಂದು ಅಂಕಿ ಹೇಳುತ್ತಾರೆ. ಅದು 1ಕ್ಕಿಂತ ಕೆಳಗೆ ಬಂದರೆ ಧರೆ ಜರಿಯುತ್ತದೆ. ಹಳೆ ಧರೆಗೆ ಒಣಗಿದ್ದಾಗ 2ಕ್ಕಿಂತ ಜಾಸ್ತಿ ಇತ್ತು, ಪೂರ್ತಿ ನೆನೆದರೆ 1ಕ್ಕಿಂತ ಕಡಿಮೆ. ಹೊಸ ಇಳಿಜಾರಿಗೆ, ನೀರು ಹೊರಗೆ ಹೋಗುತ್ತಿದ್ದರೆ, 1.5. ಈ 'ಹೋಗುತ್ತಿದ್ದರೆ' ಅನ್ನೋದನ್ನು ಯಜಮಾನರು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ.

ಸೇವೆಯಲ್ಲಿ ಸರಿ ಕಾಣದ್ದೂ ಇದೆ. ಮೂರು ವಾರದಲ್ಲಿ ವರದಿ ಅಂದಿದ್ದರು, ಬಂದದ್ದು ಏಳನೇ ವಾರ. ಆ ವರ್ಷ ಮಳೆ ಮೇ ತಿಂಗಳಲ್ಲೇ ಶುರುವಾಯಿತು. ಇನ್ನೆರಡು ವಾರ ತಡವಾಗಿದ್ದರೆ ನಮ್ಮ ಕೆಲಸ ಮುಗಿಯುತ್ತಿರಲಿಲ್ಲ. ಕರಾವಳಿಯ ಕೆಲಸಕ್ಕೆ ದಿನಾಂಕ ಅನ್ನೋದು ಬರೀ ಮಾತಲ್ಲ, ಇದು ಹುಬ್ಬಳ್ಳಿಯಲ್ಲಿ ಕೂತವರಿಗೆ ಅರ್ಥವಾಗಬೇಕು. ಆರು ಕೊಳವೆ ಮಣ್ಣಿನಲ್ಲಿ ಎರಡು ಅರಬೈಲ್ ಘಟ್ಟದ ಕುಲುಕಾಟದಲ್ಲಿ ಒಡೆದು ಪರೀಕ್ಷೆಗೆ ಬರಲಿಲ್ಲ. ಅದನ್ನು ಮುಚ್ಚಿಡದೆ ವರದಿಯಲ್ಲಿ ಬರೆದರು, ಆ ದುಡ್ಡನ್ನೂ ಬಿಟ್ಟರು. ವರದಿ 41 ಪುಟ, ಎಲ್ಲಾ ಇಂಗ್ಲಿಷ್. ಕೇಳಿದ ಮೇಲೆ ಎರಡು ಪುಟ ಕನ್ನಡದಲ್ಲಿ ಬರೆದು ಕೊಟ್ಟರು. ನಮ್ಮ ಮೇಸ್ತ್ರಿ ಕೆಲಸ ಮಾಡಿದ್ದು ಆ ಎರಡು ಪುಟ ನೋಡಿಯೇ. ಅದನ್ನು ಕೇಳದೆಯೂ ಕೊಡಬೇಕು. ಕೊರೆದ ತೂತುಗಳನ್ನು ಮುಚ್ಚದೆ ಹೋಗಿದ್ದರು. ನೀರು ಇಳಿಯಬಾರದು ಅಂತ ಹೇಳುವವರೇ ಹತ್ತು ಮೀಟರ್ ತೂತು ಬಿಟ್ಟು ಹೋಗೋದು ಸರಿಯಲ್ಲ. ಫೋನ್ ಮಾಡಿದ ಮೂರನೇ ದಿನ ಬಂದು ಮುಚ್ಚಿದರು.

ಮೆಚ್ಚಿದ್ದು ಅವರ ಪ್ರಾಮಾಣಿಕತೆ. ಎರಡು ತೂತಿನಿಂದ ಇಡೀ ಗುಡ್ಡ ಗೊತ್ತಾಗುವುದಿಲ್ಲ, ಹತ್ತು ಮೀಟರ್ ಆಚೆ ಶೇಡಿ ಇನ್ನೂ ದಪ್ಪ ಇರಬಹುದು ಅಂತ ಮೊದಲ ಪುಟದಲ್ಲೇ ಬರೆದಿದ್ದಾರೆ. ಜೋರು ಮಳೆ ಎಡೆಬಿಡದೆ ಹೊಡೆದರೆ ಹಿಂದಿನ ಕೋಣೆಯಲ್ಲಿ ಮಲಗಬೇಡಿ ಅಂತಲೂ ಹೇಳಿದ್ದಾರೆ. ನಾವು ಈಗಲೂ ಪಾಲಿಸುತ್ತೇವೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ತಡ ಮಾಡಿದ್ದಕ್ಕೆ.

ಆ ಮಳೆಗಾಲದಲ್ಲಿ ಎಂಟು ಪೈಪಿನಲ್ಲಿ ಐದರಿಂದ ನೀರು ಹರಿಯಿತು. ಮೂರನೆಯದರ ಕೆಳಗೆ ಅತ್ತೆ ಕೊಡ ಇಟ್ಟಿದ್ದರು. ಜುಲೈ ತಿಂಗಳಲ್ಲಿ ಹನ್ನೊಂದು ನಿಮಿಷಕ್ಕೆ ಒಂದು ಕೊಡ ತುಂಬುತ್ತಿತ್ತು. ತಿಳಿನೀರು. ನೀರು ಬಣ್ಣ ಬದಲಿಸಿದರೆ ಹೇಳಿ, ಒಳಗಿನ ಮಣ್ಣು ಹೊರಗೆ ಬರುತ್ತಿದೆ ಅಂತ ಅರ್ಥ, ಅಂದಿದ್ದರು. ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಅತ್ತೆ ಕೂಗಿದರು. ಕೊಡದಲ್ಲಿ ನೀರು ಹಾಲಿನ ಹಾಗೆ ಬೆಳ್ಳಗಿತ್ತು. ಫೋಟೋ ಕಳಿಸಿದೆ. ಹತ್ತು ನಿಮಿಷದಲ್ಲಿ ಆ ಹುಡುಗನ ಫೋನ್ ಬಂತು. ಮಾರನೇ ದಿನ ಮಧ್ಯಾಹ್ನ ಮಳೆಯಲ್ಲೇ ಬಂದ. ಪೈಪಿನ ಬಾಯಿ ಹತ್ತಿರ ಬಟ್ಟೆ ಹರಿದಿತ್ತು. ಒಳಪೈಪ್ ಎಳೆದು, ಹೊಸ ಬಟ್ಟೆ ಸುತ್ತಿ, ಮತ್ತೆ ಸೇರಿಸಿದ. ಸಂಜೆ ಹೊತ್ತಿಗೆ ನೀರು ತಿಳಿಯಾಯಿತು. ಅತ್ತೆ ಅವನಿಗೆ ದೋಸೆ ಮಾಡಿ ಕೂರಿಸಿದರು. ಆ ದಿನದ ಕೆಲಸಕ್ಕೆ ಇವತ್ತಿನವರೆಗೂ ಬಿಲ್ ಬಂದಿಲ್ಲ.